ಲ್ಯೂಕಸ್‌ಗೆ ಬೈಬ್ಯಾಡ್ರಿ, ಅರ್ಥ್ ನೋಡ್ರಿ

ಹಳೆ ಇಂಗ್ಲಿಷ್ ಕಾರು ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಐದು ನಿಮಿಷದೊಳಗೆ ಲ್ಯೂಕಸ್ ಜೋಕು ಬಂದೇ ಬರುತ್ತದೆ. ಆ ಕಾರುಗಳಿಗೆ ಡೈನಮೋ, ಸ್ಟಾರ್ಟರ್, ಸ್ವಿಚ್ಚು, ಲೈಟು ಮಾಡಿಕೊಡುತ್ತಿದ್ದದ್ದು ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲ್ಯೂಕಸ್ ಕಂಪನಿ. ಕಂಪನಿ ತನ್ನ ದೀಪಕ್ಕೆ ಇಟ್ಟ ಹೆಸರು ‘ರಸ್ತೆಯ ರಾಜ’. ಗಾಡಿ ಓಡಿಸಿದವರು ಕಂಪನಿಗೆ ಇಟ್ಟ ಹೆಸರು ‘ಕತ್ತಲೆಯ ರಾಜಕುಮಾರ’. ಲ್ಯೂಕಸ್ ಸ್ವಿಚ್ಚಿಗೆ ಮೂರೇ ಸ್ಥಾನವಂತೆ: ಮಂದ, ಮಿಣಮಿಣ, ಆಫ್. ಇಂಗ್ಲೆಂಡಿನವರು ಬಿಯರನ್ನು ಬೆಚ್ಚಗೇ ಕುಡಿಯುವುದು ಯಾಕೆ? ಅವರ ಮನೆಯ ಫ್ರಿಜ್ಜೂ ಲ್ಯೂಕಸ್‌ನದೇ ಅಂತೆ.

ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಹಳೆ ಕಾರು ತಂದು ಸಾಲಾಗಿ ನಿಲ್ಲಿಸಿ ಇಡ್ಲಿ ತಿನ್ನುವ ಕೂಟಗಳಲ್ಲೂ ಈ ಜೋಕು ಕೇಳಿದ್ದೇನೆ. ಹೇಳುವವರು ನಮ್ಮ ನಿಮ್ಮಂಥವರೇ. ಸಾಫ್ಟ್‌ವೇರು, ಬ್ಯಾಂಕು, ಸ್ಟಾರ್ಟಪ್ಪು. ಎಪ್ಪತ್ತರ ದಶಕದ ಅಂಬಾಸಿಡರನ್ನೋ, ಸ್ಟ್ಯಾಂಡರ್ಡ್ ಹೆರಾಲ್ಡನ್ನೋ ಯಾವುದೋ ಊರಿನ ಹಿತ್ತಲಿನಿಂದ ಎತ್ತಿಕೊಂಡು ಬಂದು ಚೊಕ್ಕ ಮಾಡಿಸಿದವರು. ಪೇಂಟಿಗೆ ಲಕ್ಷಗಟ್ಟಲೆ, ಕ್ರೋಮಿಗೆ ಇನ್ನಷ್ಟು, ಸೀಟಿಗೆ ಮತ್ತಷ್ಟು ಸುರಿದಿರುತ್ತಾರೆ. ಸಂಜೆ ಏಳಾಯಿತೆಂದರೆ ಮಾತ್ರ ಗಾಡಿ ಮನೆ ಸೇರಬೇಕು. ಯಾಕೆಂದರೆ ಹೆಡ್‌ಲೈಟ್ ನಂಬುವ ಹಾಗಿಲ್ಲ. ‘ಏನ್ ಮಾಡೋಕಾಗತ್ತೆ, ಲ್ಯೂಕಸ್’ ಅಂತ ನಗುತ್ತಾರೆ.

ನನಗೆ ನಗು ಬರುವುದಿಲ್ಲ. ನನ್ನ ತಕರಾರನ್ನು ಮೊದಲೇ ಬಿಚ್ಚಿ ಹೇಳಿಬಿಡುತ್ತೇನೆ. ಹಳೆ ಬ್ರಿಟಿಷ್ ಗಾಡಿಗಳ ಕರೆಂಟು ನಮ್ಮಲ್ಲಿ ಪದೇ ಪದೇ ಕೈಕೊಡುವುದಕ್ಕೆ ದೊಡ್ಡ ಕಾರಣ ಲ್ಯೂಕಸ್ ಅಲ್ಲ. ಪಾರ್ಟ್ಸಿಗೆ ರೊಕ್ಕ ಕೊಡುವ ನಾವು ದೋಷ ಹುಡುಕಿದ್ದಕ್ಕೆ ಕೊಡುವುದಿಲ್ಲ. ಹಾಗಾಗಿ ಯಾರೂ ಹುಡುಕುವುದಿಲ್ಲ. ಅಷ್ಟೇ.

ನಾನು ಮೂಡಲಗಿ ಕಡೆಯ ಹಳ್ಳಿಯವನು. ಗೋಕಾಕ, ಮೂಡಲಗಿ, ಹುಕ್ಕೇರಿ ನಮಗೆ ಸಂತೆ, ಸಂಬಂಧ, ದವಾಖಾನೆ ಎಲ್ಲಾ ಸೇರಿ ಒಂದೇ ಅಂಗಳ. ಈ ಅಂಗಳದಲ್ಲಿ ಕರೆಂಟಿನ ವಿಷಯ ಯಾರಿಗೂ ಹೊಸದಲ್ಲ. ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವ ಬಲವನ್ನೇ ಹಿಡಿದು 1880ರ ದಶಕದಲ್ಲಿ ಹತ್ತಿ ಗಿರಣಿ ನಡೆಸಿದ ನೆಲ ಇದು. ಹುಕ್ಕೇರಿಯಲ್ಲಂತೂ 1969ರಿಂದ ಜನರದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇದೆ. ಬೇರೆ ಕಡೆ ಸಹಕಾರಿ ಸಂಘ ಅಂದರೆ ಹಾಲು, ಸಾಲ, ಸಕ್ಕರೆ. ಇಲ್ಲಿ ಲೈನು, ಕಂಬ, ಮೀಟರೂ ಸಂಘದ್ದೇ.

ಇಲ್ಲಿನ ರೈತರಿಗೆ ಒಂದು ಸಂಗತಿ ಪುಸ್ತಕ ಓದದೆಯೂ ಗೊತ್ತು. ಬೇಸಿಗೆಯಲ್ಲಿ ಪಂಪ್‌ಸೆಟ್ ಮೋಟರು ಗುಂಯ್‌ಗುಟ್ಟಿ ಏಳದೇ ಹೋದರೆ, ಮನೆಯ ಬಲ್ಬೊಂದು ಉರಿದು ಇನ್ನೊಂದು ಮಂಕಾದರೆ, ಮೋಟರು ಬಿಚ್ಚುವ ಮೊದಲು ಟಿ.ಸಿ. ಕಡೆ ಹೋಗುತ್ತಾರೆ. ಟಿ.ಸಿ. ಬುಡದಲ್ಲಿ ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿ ಇರುತ್ತದೆ. ಅದು ಒಣಗಿದೆಯಾ ಅಂತ ನೋಡುತ್ತಾರೆ. ಎರಡು ಕೊಡ ನೀರು ಸುರಿಯುತ್ತಾರೆ. ‘ಅರ್ಥ್ ಸರಿ ಇಲ್ಲಂದ್ರ ಯಾವ್ದೂ ಸರಿ ಇರಂಗಿಲ್ಲ ತಮ್ಮಾ’ ಅನ್ನುವುದು ನಾನು ಬಿಇ ಸೇರುವ ಬಹಳ ಮೊದಲೇ ಕಲಿತ ಪಾಠ. ಕಲಿಸಿದವರು ಎಂಟನೇ ಇಯತ್ತೆ ದಾಟದವರು.

ಇದೇ ಜನ ಗಾಡಿಯ ಬಾನೆಟ್ ಎತ್ತಿದ ಕೂಡಲೇ ಈ ಪಾಠ ಮರೆಯುತ್ತಾರೆ. ನಗರದ ನಾವು ಅದನ್ನು ಕಲಿತೇ ಇಲ್ಲ.

ಗಾಡಿಯಲ್ಲಿ ಅರ್ಥ್ ಅಂದರೆ ನೆಲಕ್ಕೆ ಹೂತ ತಂತಿ ಅಲ್ಲ. ಬ್ಯಾಟರಿಯಿಂದ ಹೊರಟ ಕರೆಂಟು ಬಲ್ಬು ಉರಿಸಿ ಮತ್ತೆ ಬ್ಯಾಟರಿಗೆ ಮರಳಲೇಬೇಕು. ಹೋಗುವ ದಾರಿಗೆ ವಾಯರ್ ಇದೆ. ಬರುವ ದಾರಿಗೆ ಬೇರೆ ವಾಯರ್ ಎಳೆಯದೆ ಗಾಡಿಯ ತಗಡನ್ನೇ, ಅಂದರೆ ಬಾಡಿಯನ್ನೇ ಬಳಸುತ್ತಾರೆ. ಆ ಬಾಡಿಯೇ ಅರ್ಥ್. ಬಲ್ಬಿನ ಹೋಲ್ಡರು ಬಾಡಿಗೆ ಕೂತ ಬೋಲ್ಟು, ಬ್ಯಾಟರಿಯ ದಪ್ಪ ಪಟ್ಟಿ ಬಾಡಿಗೆ ಕೂತ ಬೋಲ್ಟು, ಎಂಜಿನ್ನಿಂದ ಬಾಡಿಗೆ ಬಂದ ಪಟ್ಟಿ, ಇವು ಸಡಿಲಾದರೆ, ತುಕ್ಕು ಹಿಡಿದರೆ, ಬಣ್ಣದ ಮೇಲೆ ಕೂತರೆ ಮರಳುವ ದಾರಿ ಕಟ್ಟಿತು. ಕರೆಂಟು ಸುಮ್ಮನೆ ನಿಲ್ಲುವ ಪ್ರಾಣಿ ಅಲ್ಲ. ಬೇರೆ ಸಂದಿ ಹುಡುಕುತ್ತದೆ. ಬ್ರೇಕ್ ತುಳಿದರೆ ಇಂಡಿಕೇಟರು ಮಿಣಮಿಣ ಅನ್ನುವುದು, ಇಂಡಿಕೇಟರ್ ಹಾಕಿದರೆ ಟೇಲ್ ಲೈಟು ಅದರ ತಾಳಕ್ಕೆ ಕುಣಿಯುವುದು ಇದಕ್ಕೇ. ಒಂದು ಬಲ್ಬಿನ ಕರೆಂಟು ಸ್ವಂತ ದಾರಿ ಸಿಗದೆ ಪಕ್ಕದ ಬಲ್ಬಿನ ಫಿಲಮೆಂಟಿನೊಳಗೆ ನುಗ್ಗಿ ಮನೆಗೆ ಹೋಗುತ್ತಿರುತ್ತದೆ. ಇದಕ್ಕೆ ಭೂತ ಬಿಡಿಸುವವರು ಬೇಡ, ಸ್ಯಾಂಡ್ ಪೇಪರ್ ಸಾಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಮಾತ್ರ ನಿಜವಾಗಿಯೂ ನೆಲವೇ ಡೊಂಕು, ಆದರೆ ಅದನ್ನು ಯಾರೂ ಅನ್ನುತ್ತಿಲ್ಲ.

ಒಂದು ನಿಜ ಪ್ರಸಂಗ ಹೇಳುತ್ತೇನೆ. ನಮ್ಮ ಕಾಕಾನ ಹತ್ತಿರ ಹಳೆ ಮಾಡೆಲ್ ಅಂಬಾಸಿಡರ್ ಇತ್ತು. ಮದುವೆಗೆ, ಹೆರಿಗೆಗೆ, ಘಟಪ್ರಭಾ ರೈಲ್ವೆ ಸ್ಟೇಷನ್ನಿಗೆ ಊರಿಗೆಲ್ಲಾ ಅದೇ ಗಾಡಿ. ಅದು ಬೆಳಿಗ್ಗೆ ಚಾಲೂ ಆಗುತ್ತಿರಲಿಲ್ಲ. ಸೆಲ್ಫ್ ಹೊಡೆದರೆ ಮುದುಕನ ಕೆಮ್ಮಿನ ಹಾಗೆ ಎರಡು ಸಲ ಸದ್ದು, ಆಮೇಲೆ ನಾಲ್ಕು ಜನ ನೂಕುವುದು. ಒಂದು ಅಂಗಡಿಯಲ್ಲಿ ಬ್ಯಾಟರಿ ಬದಲಿಸಿದರು. ಮೂರು ತಿಂಗಳಿಗೆ ಮತ್ತೆ ಅದೇ. ಇನ್ನೊಂದು ಅಂಗಡಿಯಲ್ಲಿ ಸೆಲ್ಫ್ ಮೋಟರ್ ಬಿಚ್ಚಿ ಹೊಸ ಬ್ರಷ್ ಹಾಕಿದರು. ಮತ್ತೆ ಅದೇ. ಮೂರನೆಯವರು ಕಟೌಟ್ ಬದಲಿಸಿದರು, ಅಂದರೆ ಡೈನಮೋದ ಚಾರ್ಜಿಂಗ್ ನೋಡಿಕೊಳ್ಳುವ ಡಬ್ಬಿ. ಆಮೇಲೆ ಇನ್ನೊಂದು ಬ್ಯಾಟರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವ ಮಾತು ಈ ಗಾಡಿ ನೋಡಿಯೇ ಹುಟ್ಟಿರಬೇಕು.

ಕೊನೆಗೆ ಹುಕ್ಕೇರಿ ರಸ್ತೆಯ ಒಬ್ಬ ವಯಸ್ಸಾದ ಮಿಸ್ತ್ರಿ ನೋಡಿದರು. ಅವರ ಬಳಿ ಇದ್ದದ್ದು ಟೆಸ್ಟ್ ಲ್ಯಾಂಪು. ಒಂದು ಬಲ್ಬು, ಎರಡು ವಾಯರ್. ಪಾನಾ ಮುಟ್ಟಲಿಲ್ಲ. ಕಾಕಾನಿಗೆ ಸೆಲ್ಫ್ ಹೊಡೆಯಲು ಹೇಳಿ, ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಚೋಕಿನ ಕೇಬಲ್ ಮುಟ್ಟಿ ನೋಡಿದರು. ‘ಬಿಸಿ ಐತಿ’ ಅಂದರು. ಮುಗಿಯಿತು. ಎಂಜಿನ್ನು ರಬ್ಬರಿನ ಮೇಲೆ ಕೂತಿರುತ್ತದೆ. ರಬ್ಬರ್ ಕರೆಂಟು ಬಿಡುವುದಿಲ್ಲ. ಅದಕ್ಕೇ ಎಂಜಿನ್ನಿಂದ ಬಾಡಿಗೆ ತಾಮ್ರದ ಹೆಣೆದ ಪಟ್ಟಿ ಹಾಕಿರುತ್ತಾರೆ. ಯಾವುದೋ ಕಾಲದಲ್ಲಿ ಎಂಜಿನ್ ಇಳಿಸಿದವರು ಆ ಪಟ್ಟಿ ಹಾಕುವುದನ್ನೇ ಬಿಟ್ಟಿದ್ದರು. ಸೆಲ್ಫ್ ಎಳೆಯುವ ನೂರಾರು ಆಂಪಿಯರ್ ಪಾಪ ಆ ಚೋಕಿನ ಕೇಬಲ್ಲಿನೊಳಗೆ ನುಸುಳಿ ಬರಬೇಕಿತ್ತು. ಡೈನಮೋ ಕೂತಿರುವುದೂ ಎಂಜಿನ್ನಿನ ಮೇಲೆಯೇ. ಅದರ ಚಾರ್ಜಿಂಗಿಗೂ ಅದೇ ಇಕ್ಕಟ್ಟು. ಬ್ಯಾಟರಿ ಸಾಯದೆ ಇನ್ನೇನು? ಮಿಸ್ತ್ರಿ ಅಂಗಡಿಯ ಮೂಲೆಯಿಂದ ಹಳೆ ಪಟ್ಟಿಯೊಂದನ್ನು ಹುಡುಕಿ, ಎರಡೂ ಕಡೆ ತಗಡು ಹೊಳೆಯುವ ಹಾಗೆ ಉಜ್ಜಿ, ಬೋಲ್ಟ್ ಬಿಗಿದರು. ಗಾಡಿ ಒಂದೇ ಹೊಡೆತಕ್ಕೆ ಎದ್ದಿತು.

‘ಎಷ್ಟ್ ಕೊಡ್ಲಿ?’

‘ಇನ್ನೂರು ಕೊಡ್ರಿ.’

‘ಹಳೇ ಪಟ್ಟಿ ಬಿಟ್ರ ಏನೂ ಹಾಕೇ ಇಲ್ಲಲ್ರೀ ಮಿಸ್ತ್ರಿ! ಎದಕ್ಕ ಇನ್ನೂರು?’

‘ಹಾಕಿಲ್ಲ ಖರೇ. ಹುಡುಕೇನಲ್ರೀ.’

ಕಾಕಾ ನೂರು ಕೊಟ್ಟು ಬಂದ. ಮೂರು ಅಂಗಡಿಗಳಿಗೆ ಸಾವಿರಾರು ರೂಪಾಯಿ ಎಣಿಸಿ ಕೊಟ್ಟವನು, ದೋಷ ಸಿಕ್ಕ ಕಡೆ ನೂರು ಉಳಿಸಿಕೊಂಡ. ಅವನು ಕೆಟ್ಟವನಲ್ಲ. ಊರಿಗೆ ಬೇಕಾದವನು. ಸಾಮಾನು ಕಣ್ಣಿಗೆ ಕಾಣುತ್ತದೆ, ಡಬ್ಬಿ ಸಿಗುತ್ತದೆ, ಹಳೆಯದನ್ನು ಚೀಲದಲ್ಲಿ ಹಾಕಿ ಕೊಡುತ್ತಾರೆ. ಬುದ್ಧಿ ಕಾಣುವುದಿಲ್ಲ. ಸೂಜಿ ಮಾಡದ ಡಾಕ್ಟರು ಡಾಕ್ಟರೇ ಅಲ್ಲ ಅನ್ನುವ ನಮ್ಮೂರಿನ ನಂಬಿಕೆಯೇ ಗ್ಯಾರೇಜಿಗೂ ಬಂದು ಕೂತಿದೆ.

ಈಗ ನಗರದ ಓದುಗರೇ, ನಿಮ್ಮ ಕಡೆ ತಿರುಗುತ್ತೇನೆ. ಕಾಕಾನನ್ನು ನೋಡಿ ನಗಬೇಡಿ. ಅವನಿಗಾದರೂ ಒಂದು ನೆಪ ಇದೆ, ಅವನ ಕೆಲಸಕ್ಕೆ ಯಾರೂ ತಾಸಿನ ಲೆಕ್ಕದಲ್ಲಿ ಸಂಬಳ ಕೊಟ್ಟಿಲ್ಲ. ನಮಗೆ ಕೊಡುತ್ತಾರಲ್ಲ! ನಾನು ಎರಡು ದಿನ ಕೂತು ಒಂದು ಬಗ್ ಹುಡುಕಿ, ಕೊನೆಗೆ ಒಂದು ಸಾಲು ಬದಲಿಸಿದರೆ ಮ್ಯಾನೇಜರು ‘ಒಂದೇ ಸಾಲಲ್ಲವೇ, ಒಂದು ಸಾಲಿನ ಸಂಬಳ ತಗೋ’ ಅನ್ನುವುದಿಲ್ಲ. ಮೂಲ ಕಾರಣ ಏನು ಅಂತ ಬರೆದುಕೊಡು ಅನ್ನುತ್ತಾರೆ, ಅದಕ್ಕೊಂದು ಮೀಟಿಂಗು, ಶಹಬ್ಬಾಸ್‌ಗಿರಿ. ದೋಷ ಹುಡುಕುವುದೇ ಕೆಲಸ, ಬದಲಿಸುವುದು ಅದರ ಬಾಲ ಅನ್ನುವುದು ನಮ್ಮ ಅನ್ನದ ಸತ್ಯ. ಅದೇ ನಾವು ಗ್ಯಾರೇಜಿಗೆ ಹೋದ ಕೂಡಲೇ ‘ಏನೇನ್ ಚೇಂಜ್ ಮಾಡಿದ್ರಿ? ಬಿಲ್ ತೋರಿಸಿ’ ಅನ್ನುತ್ತೇವೆ. ಎರಡು ತಾಸು ವಾಯರ್ ಹಿಂಬಾಲಿಸಿ ಸಡಿಲ ಕನೆಕ್ಟರ್ ಸಿಗಿಸಿದವನಿಗೆ ಚಹಾದ ರೊಕ್ಕ. ಕಣ್ಣು ಮುಚ್ಚಿ ಹೊಸ ಡೈನಮೋ ಹಾಕಿದವನಿಗೆ ಗೂಗಲ್ ಪೇ. ಹೀಗಿದ್ದಾಗ ಯಾವ ಮಿಸ್ತ್ರಿ ಹುಡುಕುತ್ತಾನೆ? ಅವನಿಗೂ ಮನೆ ಇದೆ, ಮಕ್ಕಳ ಫೀ ಇದೆ.

ಹಾಗಾದರೆ ಲ್ಯೂಕಸ್ ಸಾಚಾನಾ ಅಂತ ಕೇಳುತ್ತೀರಿ. ಅಲ್ಲ. ಆ ಕಾಲದ ಬ್ರಿಟಿಷ್ ಕಾರುಗಳ ವಾಯರಿಂಗು ಕೈ ಹಿಡಿದು ಮಾಡಿದ ಖರ್ಚು. ಬಹಳ ಕಾರುಗಳಲ್ಲಿ ಇಡೀ ಗಾಡಿಗೆ ಎರಡೇ ಫ್ಯೂಜು. ಹೆಡ್‌ಲೈಟಿಗೆ ಫ್ಯೂಜೇ ಇಲ್ಲ, ರಿಲೇಯೂ ಇಲ್ಲ. ಬಲ್ಬಿನ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬಂದು, ಅಲ್ಲಿಂದ ಕಾಲ ಕೆಳಗಿನ ಡಿಪ್ಪರಿಗೆ ಇಳಿದು, ಮತ್ತೆ ಮುಂದಕ್ಕೆ ಹೋಗಬೇಕು. ನಡುನಡುವೆ ಗುಂಡಿನ ಆಕಾರದ ಹಿತ್ತಾಳೆ ತುದಿಗಳನ್ನು ರಬ್ಬರ್ ತೋಳಿನೊಳಗೆ ಒತ್ತಿ ಸೇರಿಸಿದ ಜಾಯಿಂಟುಗಳು. ಒಂದೆರಡು ಮಳೆಗಾಲಕ್ಕೆ ಹಸಿರು ಕಿಲುಬು ಗ್ಯಾರಂಟಿ. ಡೈನಮೋ ಅಂತೂ ಗಾಡಿ ನಿಂತಲ್ಲೇ ಗುರುಗುಟ್ಟುವಾಗ ಚಾರ್ಜೇ ಮಾಡುವುದಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ ಅದಕ್ಕೆ ಹೇಳಿಮಾಡಿಸಿದ ಜಾಗ ಅಲ್ಲ.

ಆದರೆ ಆ ಕಂಪನಿ ಬಿಟ್ಟುಹೋದ ಒಳ್ಳೆಯದನ್ನೂ ಹೇಳಿ. ಲ್ಯೂಕಸ್‌ನ ವಾಯರುಗಳಿಗೆ ಬಣ್ಣದ ಭಾಷೆ ಇದೆ. ಕಂದು ಅಂದರೆ ಬ್ಯಾಟರಿಯಿಂದ ನೇರ ಬಂದದ್ದು. ಬಿಳಿ ಅಂದರೆ ಚಾವಿ ತಿರುಗಿಸಿದ ಮೇಲೆ ಬರುವುದು. ಅದೇ ಫ್ಯೂಜ್ ದಾಟಿದರೆ ಹಸಿರು. ನೀಲಿ ಹೆಡ್‌ಲೈಟಿನದು, ಅದರ ಮೇಲೆ ಬಿಳಿ ಗೆರೆ ಇದ್ದರೆ ಹೈ ಬೀಮ್, ಕೆಂಪು ಗೆರೆ ಇದ್ದರೆ ಡಿಪ್. ಕೆಂಪು ಟೇಲ್ ಲೈಟಿನದು. ಕಪ್ಪು ಅರ್ಥ್. ಹತ್ತು ನಿಮಿಷದಲ್ಲಿ ಕಲಿಯಬಹುದು. ನಮ್ಮಲ್ಲಿ ಎಷ್ಟು ಕೋಡಿಗೆ ಇಷ್ಟು ಚೊಕ್ಕ ಡಾಕ್ಯುಮೆಂಟೇಶನ್ ಇದೆ ಹೇಳಿ ನೋಡೋಣ. ಅದನ್ನು ಹಾಳು ಮಾಡಿದವರು ನಾವು. ನೀಲಿ ಸುಟ್ಟರೆ ಕೈಗೆ ಸಿಕ್ಕ ಹಳದಿ, ಹಸಿರು ತುಂಡಾದರೆ ಮನೆ ವಾಯರಿಂಗಿನ ಕೆಂಪು, ಮೇಲೆ ನಾಲ್ಕು ಸುತ್ತು ಇನ್ಸುಲೇಶನ್ ಟೇಪು. ಮುಂದಿನ ಮಿಸ್ತ್ರಿಗೆ ಅದು ಓದಲಾಗದ ಲಿಪಿ. ಅವನು ಓದುವುದಿಲ್ಲ, ತನ್ನದೊಂದು ಹೊಸ ವಾಯರ್ ಎಳೆಯುತ್ತಾನೆ.

ಇನ್ನು ನಾವು ಹೇರಿದ ಭಾರದ ಲೆಕ್ಕ. ಆ ಡೈನಮೋ ಕೊಡುವುದು ಸುಮಾರು 20 ಆಂಪಿಯರ್. ಮೂಲ ಹೆಡ್‌ಲೈಟು 45 ವ್ಯಾಟಿನವು ಎರಡು ಅಂದುಕೊಳ್ಳಿ. 12 ವೋಲ್ಟಿನಲ್ಲಿ ಏಳೂವರೆ ಆಂಪಿಯರ್. ಇಗ್ನಿಷನ್ನಿಗೆ ನಾಲ್ಕು, ಟೇಲ್ ಲೈಟಿಗೆ ಎರಡು. ಆರಾಮಾಗಿ ನಡೆಯುತ್ತದೆ. ನಾವು ಹೋಗಿ ನೂರು ವ್ಯಾಟಿನ ಹ್ಯಾಲೋಜನ್ ಎರಡು ಹಾಕಿಸುತ್ತೇವೆ. ಅವೆರಡೇ ಹದಿನೇಳು ಆಂಪಿಯರ್. ಮಿಕ್ಕಿದ್ದು ಸೇರಿದರೆ ಇಪ್ಪತ್ತಮೂರು. ಅದರ ಮೇಲೆ ಮ್ಯೂಸಿಕ್ ಸಿಸ್ಟಮ್ಮು, ಡಬಲ್ ಹಾರ್ನು, ಫೋನ್ ಚಾರ್ಜರು. ಇಪ್ಪತ್ತು ದುಡಿಯುವ ಮನೆಯಲ್ಲಿ ಮೂವತ್ತು ಖರ್ಚು ಮಾಡಿ ‘ಯಜಮಾನ ಸರಿ ಇಲ್ಲ’ ಅಂದಂತೆ. ಆ ಹದಿನೇಳು ಆಂಪಿಯರ್ ಅಷ್ಟೂ ಅರವತ್ತು ವರ್ಷ ಹಳೆಯ ಸ್ವಿಚ್ಚಿನೊಳಗೇ ಹಾಯಬೇಕು. ಅದು ಕಾಯುತ್ತದೆ, ಕರಗುತ್ತದೆ, ಒಂದು ದಿನ ಹೊಗೆ ಬಿಡುತ್ತದೆ.

ಹೊಗೆ ಅಂದಾಗ ಫ್ಯೂಜಿನ ಮಾತು. ಫ್ಯೂಜು ಸುಟ್ಟರೆ ಅದು ಕೆಟ್ಟಿತು ಅಂತ ಅಲ್ಲ, ಅದು ತನ್ನ ಕೆಲಸ ಮಾಡಿತು ಅಂತ. ಅದರ ಜಾಗಕ್ಕೆ ತಾಮ್ರದ ಎಳೆ ಸುತ್ತುವವರು, ಸಿಗರೇಟ್ ಪ್ಯಾಕಿನ ಬೇಗಡೆ ಮಡಚಿ ತುರುಕುವವರು ಇಡೀ ಗಾಡಿಯನ್ನೇ ಫ್ಯೂಜು ಮಾಡುತ್ತಿದ್ದಾರೆ. ನಗರದ ಜಾಣರು ಇನ್ನೊಂದು ಮಾಡುತ್ತಾರೆ. ಹಳೆ ಬ್ರಿಟಿಷ್ ಗಾಜಿನ ಫ್ಯೂಜಿನ ಮೇಲೆ 35 ಅಂತ ಇದ್ದರೆ ಅದು ಸುಟ್ಟುಹೋಗುವ ಆಂಪಿಯರ್. ಸತತ ಹೊರುವುದು ಅದರ ಅರ್ಧ, ಹದಿನೇಳರ ಆಸುಪಾಸು. ಇದು ತಿಳಿಯದೆ ಈಗಿನ ಬ್ಲೇಡ್ ಫ್ಯೂಜಿನಲ್ಲಿ 35ರದ್ದೇ ತಂದು ಹಾಕಿದರೆ, ಅದು ಸತತ 35 ಹೊರುತ್ತದೆ. ಫ್ಯೂಜಿಗಿಂತ ಮೊದಲು ವಾಯರು ಸುಡುತ್ತದೆ. ಒಳಗೆ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿ ಇದು ಸ್ವಾಮಿ. ಜೋಕಿನ ವಿಷಯ ಅಲ್ಲ.

‘ಅಷ್ಟೆಲ್ಲಾ ಯಾಕೆ, ಹೊಸ ಹಾರ್ನೆಸ್ ಹಾಕಿಸಿ ಬಿಸಾಕಿದರಾಯಿತು’ ಅನ್ನುವವರಿದ್ದಾರೆ. ಹಾಕಿಸಿ, ಬೇಡ ಅನ್ನುವುದಿಲ್ಲ. ಹಳೆ ವಾಯರಿನ ಬಟ್ಟೆ, ರಬ್ಬರು ಉದುರುತ್ತಿದ್ದರೆ ಹಾಕಿಸಲೇಬೇಕು. ಹೆಡ್‌ಲೈಟಿಗೆ ರಿಲೇ ಹಾಕಿಸುವುದು ಇನ್ನೂ ಒಳ್ಳೆಯದು, ಸ್ವಿಚ್ಚಿನ ಭಾರ ಇಳಿಯುತ್ತದೆ. ಆದರೆ ಒಂದು ತಮಾಷೆ ಗಮನಿಸಿ. ಚೊಕ್ಕವಾಗಿ ರಿಸ್ಟೋರ್ ಮಾಡಿದ ಗಾಡಿಯಲ್ಲೇ ಎಷ್ಟೋ ಸಲ ಲೈಟು ಮೊದಲಿಗಿಂತ ಮಂಕು. ಯಾಕೆ? ಬಾಡಿಗೆ ಐದು ಕೋಟು ಹೊಸ ಪೇಂಟು. ಅರ್ಥಿನ ಬೋಲ್ಟು ಆ ಪೇಂಟಿನ ಮೇಲೆ ಕೂತಿದೆ. ಪೇಂಟು ಕರೆಂಟು ಬಿಡುವುದಿಲ್ಲ. ಹಳೆ ತುಕ್ಕಿಗಿಂತ ಹೊಸ ಹೊಳಪು ಒಳ್ಳೆಯ ಇನ್ಸುಲೇಟರು. ಲಕ್ಷಗಟ್ಟಲೆ ಕೊಟ್ಟು ಕತ್ತಲೆ ಕೊಂಡಂತಾಯಿತು. ಆಮೇಲೆ ಬೈಗುಳ ಮಾತ್ರ ಲ್ಯೂಕಸ್‌ಗೆ.

ಇನ್ನು ಕೆಲವರು ‘ಗುಜರಿಗೆ ಹಾಕಿ, ಈ ಕಾಲಕ್ಕೆ ಇವೆಲ್ಲ ಬೇಡ’ ಅನ್ನುತ್ತಾರೆ. ಇವು ಹೊರಗಿನ ಗಾಡಿಗಳಲ್ಲ. ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಿಂದ 1957ರಲ್ಲಿ ಉತ್ತರಪಾರಾದ ಹಿಂದುಸ್ತಾನ್ ಮೋಟರ್ಸ್ ಶುರು ಮಾಡಿದ ಅಂಬಾಸಿಡರು 2014ರವರೆಗೆ ತಯಾರಾಯಿತು. ಟ್ರಯಂಫ್ ಹೆರಾಲ್ಡು ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಆಯಿತು. ಲ್ಯೂಕಸ್ ಕೂಡ 1961ರಲ್ಲಿ ಟಿವಿಎಸ್ ಜೊತೆ ಸೇರಿ ಮದ್ರಾಸಿನಲ್ಲೇ ಬಿಡಾರ ಹೂಡಿತು. ಇವು ಇಲ್ಲೇ ಹುಟ್ಟಿ ಇಲ್ಲೇ ಬೆಳೆದವು. ಸರ್ಕಾರವೂ 2021ರಲ್ಲಿ ನಿಯಮ ಮಾಡಿ ಐವತ್ತು ವರ್ಷ ದಾಟಿದ ಗಾಡಿಗಳಿಗೆ ‘ವಿಎ’ ಅಕ್ಷರದ ವಿಂಟೇಜ್ ನಂಬರು ಕೊಡುತ್ತದೆ. ಹೊಸದಾಗಿ ಮಾಡಿಸಲು ಶುಲ್ಕ ಇಪ್ಪತ್ತು ಸಾವಿರ. ನಂಬರ್ ಪ್ಲೇಟಿಗೆ ಇಪ್ಪತ್ತು ಸಾವಿರ ಕೊಡುವ ಕೈ, ಆ ನಂಬರ್ ಪ್ಲೇಟಿನ ಬಲ್ಬು ಯಾಕೆ ಉರಿಯುತ್ತಿಲ್ಲ ಅಂತ ಹುಡುಕಿದವನಿಗೆ ಐನೂರು ಕೊಡಲು ಹಿಂಜರಿಯುತ್ತದೆ. ಇದಕ್ಕೆ ಪರಂಪರೆಯ ಪ್ರೀತಿ ಅಂತ ಹೆಸರು!

ಇದು ಬರೀ ಶೋಕಿ ಗಾಡಿಗಳ ಮಾತಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಕಬ್ಬಿನ ಸೀಜನ್ನಿನಲ್ಲಿ ರಾತ್ರಿ ನಮ್ಮ ಕಡೆ ಬನ್ನಿ. ಗೋಕಾಕದಿಂದ ಮೂಡಲಗಿಗೋ, ಹುಕ್ಕೇರಿಯಿಂದ ಸಂಕೇಶ್ವರದ ಸಕ್ಕರೆ ಕಾರ್ಖಾನೆ ಕಡೆಗೋ ಬೈಕಿನಲ್ಲಿ ಹೋಗಿ ನೋಡಿ. ಮುಂದೆ ಕಪ್ಪಗೆ ಗುಡ್ಡ ಒಂದು ಹೋಗುತ್ತಿರುತ್ತದೆ. ಹತ್ತಿರ ಹೋದ ಮೇಲೆ ಗೊತ್ತಾಗುತ್ತದೆ, ಅದು ಎರಡು ಟ್ರೇಲರ್ ತುಂಬ ಕಬ್ಬು. ಹಿಂದೆ ಒಂದೂ ಲೈಟಿಲ್ಲ. ಟ್ರ್ಯಾಕ್ಟರಿನ ಲೈಟು ಮಾತ್ರ ಮುಂದೆ ಭರ್ಜರಿ. ಟ್ರೇಲರಿಗೆ ಲೈಟು ಹಾಕಿಯೇ ಇಲ್ಲವೆಂದಲ್ಲ. ಎಷ್ಟೋ ಟ್ರೇಲರುಗಳಲ್ಲಿ ಬಲ್ಬಿಗೆ ಹೋಗುವ ವಾಯರ್ ಒಂದೇ, ಮರಳುವ ದಾರಿ ಅಂದರೆ ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಇರುವ ಕಬ್ಬಿಣದ ಪಿನ್ನು. ಆ ಪಿನ್ನಿಗೆ ಗ್ರೀಸು, ಮಣ್ಣು, ತುಕ್ಕು. ಹೊಂಡಕ್ಕೊಮ್ಮೆ ಕನೆಕ್ಷನ್ ಹೋಗುತ್ತದೆ, ಬರುತ್ತದೆ. ನಾಲ್ಕು ದಿನ ಮಿಣುಕಿ ಐದನೇ ದಿನ ನಿಲ್ಲುತ್ತದೆ. ‘ಬಲ್ಬ್ ಹೋಗೈತಿ’ ಅಂತ ಹೊಸ ಬಲ್ಬು. ಅದೂ ಉರಿಯುವುದಿಲ್ಲ. ‘ಹೋಗ್ಲಿ ಬಿಡಪಾ, ಫ್ಯಾಕ್ಟ್ರಿ ಇಲ್ಲೇ ಐತಿ.’

ನೋಡಿ, ಅಂಬಾಸಿಡರಿನ ರೋಗವೇ ಅಲ್ಲೂ. ಬೇಕಾದದ್ದು ಹಿಂದಿನ ಬಲ್ಬಿನಿಂದ ಟ್ರ್ಯಾಕ್ಟರಿನ ಬ್ಯಾಟರಿವರೆಗೆ ಒಂದು ಪ್ರತ್ಯೇಕ ಕಪ್ಪು ವಾಯರ್. ಕೆಲವು ನೂರು ರೂಪಾಯಿಯ ಕೆಲಸ. ಅದನ್ನು ಹೇಳಬಲ್ಲ ಮಿಸ್ತ್ರಿಯನ್ನು ಯಾರೂ ಕರೆಸುವುದಿಲ್ಲ, ಯಾಕೆಂದರೆ ಅವನು ಬಲ್ಬು ಮಾರುವುದಿಲ್ಲ, ಮಾತು ಮಾರುತ್ತಾನೆ ಅಂತ ನಮ್ಮ ಲೆಕ್ಕ. ಹಿಂದಿನಿಂದ ಬಂದು ಆ ಕತ್ತಲೆಗೆ ಗುದ್ದುವ ಹುಡುಗನ ಹೆಸರು ಮರುದಿನ ಪೇಪರಿನ ಒಳಪುಟದಲ್ಲಿ ಬರುತ್ತದೆ. ಆ ಸುದ್ದಿಯಲ್ಲಿ ಲ್ಯೂಕಸ್ ಇರುವುದಿಲ್ಲ, ಅರ್ಥ್ ವಾಯರೂ ಇರುವುದಿಲ್ಲ. ‘ಅತಿ ವೇಗ’ ಅಂತ ಇರುತ್ತದೆ.

ಪತ್ತೆ ಮಾಡುವುದು ಕಷ್ಟವಾ? ನೀವೇ ಮಾಡಿ ನೋಡಿ. ಸಾದಾ ಮಲ್ಟಿಮೀಟರ್ ತನ್ನಿ, ಡಿಸಿ 20 ವೋಲ್ಟಿಗೆ ತಿರುಗಿಸಿ. ಹೆಡ್‌ಲೈಟ್ ಹಾಕಿ. ಲೈಟು ಉರಿಯುತ್ತಿರುವಾಗಲೇ ಅಳೆಯಬೇಕು, ಇದು ಮುಖ್ಯ. ಮೀಟರಿನ ಒಂದು ತುದಿ ಬಾಡಿಗೆ ಕಟ್ಟಿದ ಬ್ಯಾಟರಿ ಗೂಟಕ್ಕೆ, ಇನ್ನೊಂದು ಬಲ್ಬಿನ ಅರ್ಥ್ ತುದಿಗೆ. 0.2 ವೋಲ್ಟಿನೊಳಗೆ ಬಂದರೆ ಮರಳುವ ದಾರಿ ಚೊಕ್ಕ. ಒಂದು ವೋಲ್ಟ್ ಬಂದರೆ ಅಷ್ಟು ಅಲ್ಲೇ ದಾರಿಯಲ್ಲಿ ಪೋಲು. ಬ್ಯಾಟರಿಯ ಇನ್ನೊಂದು ಗೂಟದಿಂದ ಬಲ್ಬಿನ ಇನ್ನೊಂದು ತುದಿಗೂ ಹಾಗೇ ಅಳೆಯಿರಿ. ಸ್ವಿಚ್ಚು, ಜಾಯಿಂಟುಗಳ ಬಣ್ಣ ಬಯಲಾಗುತ್ತದೆ. ‘ಒಂದು ವೋಲ್ಟಿಗೆ ಏನಾಗತ್ತೆ’ ಅನ್ನಬೇಡಿ. ಬಲ್ಬಿಗೆ ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಳಕು ಹತ್ತರಲ್ಲಿ ಮೂರು ಪಾಲು ಹೋಗುತ್ತದೆ. ಎಲ್ಲಿ ಪೋಲಾಗುತ್ತಿದೆಯೋ ಆ ಬೋಲ್ಟು ಬಿಚ್ಚಿ, ತಗಡು ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲಿನ್ ಸವರಿ. ಇನ್ನೊಂದು ಎಚ್ಚರ: 1960ರ ದಶಕದ ನಡುವಿನವರೆಗೆ ಬಹುಪಾಲು ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಕಟ್ಟುತ್ತಿದ್ದದ್ದು ಬ್ಯಾಟರಿಯ ಪ್ಲಸ್. ನಿಮ್ಮದು ಯಾವುದು ಅಂತ ನೋಡದೆ ಬ್ಯಾಟರಿ ಕೂರಿಸಬೇಡಿ.

ಇಷ್ಟನ್ನು ನಿಮ್ಮ ಕೈಯಿಂದ ಮಾಡಿಸಿ ಮಿಸ್ತ್ರಿಯ ಹೊಟ್ಟೆ ಮೇಲೆ ಹೊಡೆಯುವುದು ನನ್ನ ಉದ್ದೇಶ ಅಲ್ಲ. ತದ್ವಿರುದ್ಧ. ಒಮ್ಮೆ ನೀವೇ ಬಗ್ಗಿ, ಬೆವೆತು, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತುರುಕಿ ಆ ಸಡಿಲ ಜಾಯಿಂಟು ಹುಡುಕಿ ನೋಡಿದರೆ ಹುಡುಕಾಟದ ಬೆಲೆ ತಿಳಿಯುತ್ತದೆ ಅಂತ.

ಟೆಸ್ಟ್ ಲ್ಯಾಂಪಿನ ಆ ತಲೆಮಾರು ಮುಗಿಯುತ್ತಾ ಬಂದಿದೆ. ಹುಕ್ಕೇರಿ ರಸ್ತೆಯ ಆ ಮಿಸ್ತ್ರಿಯ ಮಗ ಅಪ್ಪನ ಅಂಗಡಿಯನ್ನು ಸೀಟ್ ಕವರು, ಸ್ಟಿಕ್ಕರು, ಎಲ್‌ಇಡಿ ಪಟ್ಟಿ ಮಾರುವ ಅಂಗಡಿ ಮಾಡಿದ್ದಾನೆ. ‘ಹುಡುಕಾಟಕ್ಕ ಯಾರೂ ರೊಕ್ಕ ಕೊಡಂಗಿಲ್ಲ ಅಣ್ಣಾ, ಇದಕ್ಕಾದ್ರ ಎಮ್‌ಆರ್‌ಪಿ ಇರತೈತಿ’ ಅಂದ. ಅವನಿಗೆ ಉತ್ತರ ಕೊಡಬೇಕಾದವರು ಬರ್ಮಿಂಗ್‌ಹ್ಯಾಮಿನವರಲ್ಲ.

ಅದಕ್ಕೇ ಒಂದೇ ಒಂದು ಬೇಡಿಕೆ. ಮುಂದಿನ ಸಲ ಗಾಡಿಯ ಲೈಟು ಕೈಕೊಟ್ಟಾಗ, ಅದು ಅಂಬಾಸಿಡರ್ ಇರಲಿ, ಅಪ್ಪನ ಟ್ರ್ಯಾಕ್ಟರ್ ಇರಲಿ, ‘ಏನ್ ಚೇಂಜ್ ಮಾಡಬೇಕು’ ಅಂತ ಕೇಳಬೇಡಿ. ‘ಎಲ್ಲಿ ಎಷ್ಟು ವೋಲ್ಟ್ ಬೀಳಾಕತ್ತೈತಿ, ಹುಡುಕಿ ಹೇಳ್ರಿ, ಹುಡುಕಿದ್ದಕ್ಕ ತಾಸಿಗೆ ಇಷ್ಟು ಕೊಡ್ತೀನಿ’ ಅಂತ ಹೇಳಿ. ಸಾಮಾನು ಬೇಕಾದರೆ ಅದರ ಬಿಲ್ಲು ಬೇರೆ. ಏನೂ ಬದಲಿಸದೆ ಬರೀ ಬೋಲ್ಟು ಬಿಗಿದು ಕೊಟ್ಟರೂ ಆ ರೊಕ್ಕ ಪೂರ್ತಿ ಕೊಡಿ, ಚೌಕಾಸಿ ಮಾಡಬೇಡಿ. ಅದು ಕೊಡುವವರೆಗೆ ಲ್ಯೂಕಸ್ ಜೋಕು ಹೇಳುವ ಹಕ್ಕು ನಿಮಗಿಲ್ಲ.